ಎರಡಕ್ಷರದ ದೂರು

ದೂರದರ್ಶನದ ಒಂದೇ ವಾಹಿನಿಯ ಮುಂದೆ ಇಡೀ ವಠಾರ ಕೂತಿರುತ್ತಿದ್ದ ಕಾಲದಲ್ಲಿ ಬಟ್ಟೆ ಒಗೆಯುವ ಯಂತ್ರ ನಮ್ಮಲ್ಲಿ ಬಹುಪಾಲು ಜನರಿಗೆ ಮೊದಲು ಪರಿಚಯವಾದದ್ದು ಜಾಹೀರಾತಿನ ಮೂಲಕ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ವಿಡಿಯೋಕಾನ್ ಯಂತ್ರದ ಆ ಜಾಹೀರಾತಿನ ಧಾಟಿಯನ್ನು ಐವತ್ತು ದಾಟಿದ ಓದುಗರು ಈಗಲೂ ಗುನುಗಬಲ್ಲರು. ಹಿತ್ತಲ ಒಗೆಯುವ ಕಲ್ಲು, ಬಾವಿಕಟ್ಟೆಯ ಸಾಲು, ನೀಲಿ ಕದಡಿದ ಬಕೆಟ್ಟು, ಹಿಂಡಿ ಹಿಂಡಿ ಬಿರಿದ ಕೈ ಇವೆಲ್ಲ ಒಂದು ತಿರುಗುಗುಂಡಿಯ ಮುಂದೆ ಇಲ್ಲವಾಗುತ್ತವೆ ಎಂಬುದು ಅದರ ಭರವಸೆ. ಮಧ್ಯಮ ವರ್ಗದ ಮನೆಗಳು ಕಂತಿನ ಮೇಲೆ, ಹಬ್ಬದ ಬೋನಸ್ಸಿನ ಮೇಲೆ, ಮಗಳ ಮದುವೆಯ ಉಡುಗೊರೆಯಾಗಿ ಆ ಭರವಸೆಯನ್ನು ಕೊಂಡು ತಂದವು. ಆ ಹೊತ್ತಿನಿಂದ ಈ ಹೊತ್ತಿಗೆ ಮೂರೂವರೆ ದಶಕ ದಾಟಿದೆ. ಯಂತ್ರ ಎಷ್ಟು ಚೆನ್ನಾಗಿ ಒಗೆಯಿತು ಎಂಬ ಲೆಕ್ಕ ಬೇರೆ. ಇಲ್ಲಿ ನಾವು ಹಿಂತಿರುಗಿ ನೋಡಬಯಸುವುದು ಅದು ಕೆಟ್ಟು ನಿಂತಾಗ ಏನಾಯಿತು ಎಂಬುದನ್ನು. ಕೆಟ್ಟದ್ದು ಎಲ್ಲಿ ಎಂದು ಕಂಡುಹಿಡಿಯುವ ತಿಳಿವಳಿಕೆ ಆಗ ಯಾರ ಕೈಯಲ್ಲಿತ್ತು, ಈಗ ಯಾರ ಕೈ ಸೇರಿದೆ ಎಂಬುದನ್ನು.

ಮೊದಲು ಬಂದದ್ದು ಎರಡು ತೊಟ್ಟಿಯ ಸೆಮಿ ಆಟೊಮ್ಯಾಟಿಕ್. ಒಂದರಲ್ಲಿ ಒಗೆತ, ಇನ್ನೊಂದರಲ್ಲಿ ಹಿಂಡುವ ಕೆಲಸ. ಹಿಂಬದಿಯ ಮುಚ್ಚಳ ಬಿಚ್ಚಿದರೆ ಎರಡು ಮೋಟರು, ಎರಡು ಕಂಡೆನ್ಸರು, ಒಂದು ಬೆಲ್ಟು, ಮೇಲ್ಗಡೆ ಎರಡು ಟೈಮರು, ನಡುವೆ ಬಣ್ಣಬಣ್ಣದ ಹತ್ತಾರು ವೈರು. ಅಷ್ಟೇ. ಎಷ್ಟೋ ಯಂತ್ರಗಳ ಬೆನ್ನಿಗೆ ವೈರಿಂಗಿನ ನಕ್ಷೆಯನ್ನೂ ಕಾಗದದಲ್ಲಿ ಅಂಟಿಸಿ ಕಳಿಸುತ್ತಿದ್ದರು. ಆಗಿನ ಯಂತ್ರ ತನ್ನ ನೋವನ್ನು ಸದ್ದಿನಲ್ಲಿ, ವಾಸನೆಯಲ್ಲಿ, ಸುಮ್ಮನಿರುವುದರಲ್ಲಿ ತೋರಿಸುತ್ತಿತ್ತು. ಮೋಟರು ಗುಂಯ್‌ಗುಟ್ಟುತ್ತದೆ, ತಿರುಗುವುದಿಲ್ಲ. ಕರೆಂಟು ತೆಗೆದು ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಸರಾಗವಾಗಿ ತಿರುಗುತ್ತದೆ. ಹಾಗಾದರೆ ಸುಮಾರು ಹತ್ತು ಮೈಕ್ರೋಫ್ಯಾರಡ್‌ನ ಕಂಡೆನ್ಸರು ಸೊರಗಿದೆ ಎಂದರ್ಥ. ತಿರುಗುವುದೇ ಇಲ್ಲವೆಂದರೆ ಬೇರಿಂಗ್ ಹಿಡಿದಿದೆ, ಇಲ್ಲವೇ ಪಲ್ಸೇಟರಿನ ಅಡಿಗೆ ಕರ್ಚೀಫು ಸಿಕ್ಕಿಕೊಂಡಿದೆ. ಹಿಂಡುವ ತೊಟ್ಟಿ ಅಲುಗದಿದ್ದರೆ ಮೊದಲು ನೋಡಬೇಕಾದದ್ದು ಮುಚ್ಚಳದ ಕೆಳಗಿನ ಸ್ವಿಚ್ಚು, ಆಮೇಲೆ ಬ್ರೇಕಿನ ತಂತಿ. ಎರಡೂ ಸರಿಯಿದ್ದರೆ ಮಾತ್ರ ಮೋಟರಿನ ಮಾತು. ಒಂದಾದ ಮೇಲೊಂದು ಸಾಧ್ಯತೆಯನ್ನು ತೆಗೆದುಹಾಕುತ್ತ ಹೋಗುವ ಈ ಕ್ರಮವನ್ನು ಯಾವ ಶಾಲೆಯೂ ಮನೆಯವರಿಗೆ ಕಲಿಸಿರಲಿಲ್ಲ. ಮೆಕ್ಯಾನಿಕ್ ಕೆಲಸ ಮಾಡುವಾಗ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತವರು ಅದನ್ನು ನೋಡಿಯೇ ಕಲಿತರು.

ಆ ಮೆಕ್ಯಾನಿಕ್ ಎಲ್ಲಿಂದ ಬಂದ ಎಂಬುದನ್ನೂ ನೆನೆಯಬೇಕು. ಅವನು ಅದಕ್ಕೆ ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವನು, ಮಿಕ್ಸಿಯ ಆರ್ಮೇಚರಿಗೆ ತಂತಿ ಸುತ್ತುತ್ತಿದ್ದವನು, ಪಂಪ್‌ಸೆಟ್ಟಿನ ಮೋಟರು ಇಳಿಸಿ ಏರಿಸುತ್ತಿದ್ದವನು. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಓದಿದವರೂ ಇದ್ದರು, ಅಣ್ಣನ ಅಂಗಡಿಯಲ್ಲಿ ಬೆಳೆದವರೂ ಇದ್ದರು. ಅವನ ಚೀಲದಲ್ಲಿ ಒಂದು ನಿಯಾನ್ ಟೆಸ್ಟರು, ಬಲ್ಬೊಂದನ್ನು ಸರಣಿಯಲ್ಲಿ ಜೋಡಿಸಿದ ಟೆಸ್ಟ್ ಲ್ಯಾಂಪು, ಸ್ಥಿತಿವಂತನಾದರೆ ಮುಳ್ಳಿನ ಮಲ್ಟಿಮೀಟರು. ಬೆಂಗಳೂರಿನಲ್ಲಾದರೆ ಬಿಡಿಭಾಗಕ್ಕೆ ಎಸ್.ಪಿ. ರೋಡಿಗೆ ಹೋಗಿ ಬರುತ್ತಿದ್ದ. ಒಂದು ಕಂಪನಿಯ ಟೈಮರು ಸಿಗದಿದ್ದರೆ ಇನ್ನೊಂದರದ್ದನ್ನು ತಂದು, ವೈರುಗಳನ್ನು ಅಳೆದು ನೋಡಿ ಕೂಡಿಸುತ್ತಿದ್ದ. ಈ ಕೂಡಿಸುವಿಕೆಯಲ್ಲಿ ಅಪಾಯವೂ ಇತ್ತು, ಒಪ್ಪಬೇಕು. ಮುಚ್ಚಳದ ಸ್ವಿಚ್ಚನ್ನೇ ನೇರ ಮಾಡಿ ಹೋದ ಕೈಗಳಿಂದಾಗಿ, ಮುಚ್ಚಳ ತೆರೆದಿದ್ದರೂ ತೊಟ್ಟಿ ಗಿರಗಿರನೆ ತಿರುಗುತ್ತಿದ್ದ ಮನೆಗಳಿದ್ದವು. ಅರ್ಥ್ ವೈರನ್ನು ಕತ್ತರಿಸಿ ಎರಡು ಪಿನ್ನಿನ ಪ್ಲಗ್ ಹಾಕಿಕೊಟ್ಟವರೂ ಇದ್ದರು. ಹಳತೆಲ್ಲ ಹೊನ್ನೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಆದರೆ ದೋಷ ಹುಡುಕುವ ಕ್ರಮ ಆಗ ಊರಿನೊಳಗೇ ಇತ್ತು, ಕೈಯಿಂದ ಕೈಗೆ ದಾಟುತ್ತಿತ್ತು ಎಂಬುದಂತೂ ನಿಜ.

1991ರ ಉದಾರೀಕರಣ ಮಾರುಕಟ್ಟೆಯ ಬಾಗಿಲು ತೆರೆದ ಮೇಲೆ ಪೂರ್ಣ ಸ್ವಯಂಚಾಲಿತ ಯಂತ್ರಗಳು ಹೆಚ್ಚಾಗಿ ಬಂದವು. ಬೆಂಗಳೂರಿನಲ್ಲೇ ಕೇಂದ್ರ ಕಚೇರಿಯಿದ್ದ ಬಿಪಿಎಲ್ ಜಪಾನಿನ ಸ್ಯಾನ್ಯೋ ಜತೆಗೂಡಿ ತಂದ ಯಂತ್ರಗಳು, ಟಿವಿಎಸ್ ಮನೆತನ ವರ್ಲ್‌ಪೂಲ್ ಜತೆಗೂಡಿ ಮಾಡಿದ ಯಂತ್ರಗಳು, ಮುಂಬಾಗಿಲಿನ ಯಂತ್ರವೆಂದರೆ ಥಟ್ಟನೆ ನೆನಪಾಗುತ್ತಿದ್ದ ಐಎಫ್‌ಬಿ. 1995ರಲ್ಲಿ ಸ್ಯಾಮ್‌ಸಂಗ್, 1997ರಲ್ಲಿ ಎಲ್‌ಜಿ ಭಾರತಕ್ಕೆ ಕಾಲಿಟ್ಟವು. ಆ ದಶಕದ ಜಾಹೀರಾತುಗಳಲ್ಲಿ ಫಜ್ಜಿ ಲಾಜಿಕ್ ಎಂಬ ಮಾತು ಎಷ್ಟೋ ಸಲ ಕೇಳಿಬಂತು, ಆದರೆ ಅದೇನೆಂದು ಅಂಗಡಿಯವನಿಗೂ ಗೊತ್ತಿರಲಿಲ್ಲ, ಕೊಳ್ಳುವವರಿಗೂ ಗೊತ್ತಿರಲಿಲ್ಲ. ಯಂತ್ರಕ್ಕೆ ಬುದ್ಧಿ ಬಂದಿದೆ ಎಂಬುದಷ್ಟೇ ಎಲ್ಲರೂ ಹಿಡಿದ ಅರ್ಥ. ಮೊದಮೊದಲ ಮುಂಬಾಗಿಲ ಯಂತ್ರಗಳಲ್ಲಿ ಬುದ್ಧಿಯ ಸ್ಥಾನದಲ್ಲಿದ್ದದ್ದು ಪ್ರೋಗ್ರಾಂ ಟೈಮರು. ಒಂದು ಪುಟ್ಟ ಮೋಟರು ಹಲ್ಲುಹಲ್ಲಿನ ಚಕ್ರಗಳನ್ನು ಮೆಲ್ಲಗೆ ತಿರುಗಿಸುತ್ತ, ನೀರು ಬಿಡುವ ವಾಲ್ವಿಗೆ ಈಗ, ಹೀಟರಿಗೆ ಆಗ ಎಂದು ಸಂಪರ್ಕಗಳನ್ನು ಕೂಡಿಸುತ್ತ ಬಿಡಿಸುತ್ತ ಹೋಗುವ ಯಂತ್ರದೊಳಗಿನ ಯಂತ್ರ ಅದು. ಕೆಟ್ಟರೆ ಗುಂಡಿ ಯಾವ ಜಾಗದಲ್ಲಿ ನಿಂತಿದೆ ಎಂಬುದೇ ಸುಳಿವಾಗುತ್ತಿತ್ತು. ಬಳಿಕ ಆ ಜಾಗಕ್ಕೆ ಮೈಕ್ರೋಕಂಟ್ರೋಲರ್ ಇರುವ ಬೋರ್ಡು ಬಂತು. ಮುಖದ ಮೇಲೆ ಕೆಂಪಗೆ ಬೆಳಗುವ ಪುಟ್ಟ ಕಿಟಕಿ ಬಂತು. ಆ ಕಿಟಕಿಯ ಮೂಲಕ ಯಂತ್ರ ಎರಡಕ್ಷರದಲ್ಲಿ ದೂರು ಕೊಡತೊಡಗಿತು.

ಆ ದಿನಗಳ ಭರವಸೆಯನ್ನು ಓದುಗರು ಮರೆತಿರಲಾರರು. ಇನ್ನು ಊಹಿಸಬೇಕಿಲ್ಲ, ಬಿಚ್ಚಿ ನೋಡಬೇಕಿಲ್ಲ, ಏನು ಕೆಟ್ಟಿದೆ ಎಂದು ಯಂತ್ರವೇ ಹೇಳುತ್ತದೆ ಎಂದು ಷೋರೂಮಿನವರು ಹೇಳಿದರು. ಮೊದಲ ಸಲ ಗಂಟೆ ಬಾರಿಸಿ ಅಕ್ಷರ ಮೂಡಿದಾಗ ಕೈಪಿಡಿ ಹುಡುಕಿ ತೆಗೆದು, ಕೊನೆಯ ಪುಟದ ಕೋಷ್ಟಕದ ಮೇಲೆ ಬೆರಳಾಡಿಸಿ, ನಲ್ಲಿ ತೆರೆಯಲು ಮರೆತದ್ದನ್ನು ಕಂಡುಕೊಂಡ ಮನೆಗಳು ಸಾವಿರಾರು. ಅದು ನಿಜವಾದ ಲಾಭ. ಮೆಕ್ಯಾನಿಕ್ ಬಂದು ನಲ್ಲಿ ತಿರುಗಿಸಿ ದುಡ್ಡು ಇಸಿದುಕೊಂಡು ಹೋಗುವುದು ತಪ್ಪಿತು. ಎಲ್‌ಜಿ ಯಂತ್ರದಲ್ಲಿ ಐಇ ಎಂದರೆ ನೀರು ಬರುತ್ತಿಲ್ಲ, ಓಇ ಎಂದರೆ ನೀರು ಹೋಗುತ್ತಿಲ್ಲ, ಯುಇ ಎಂದರೆ ಬಟ್ಟೆ ಒಂದೆಡೆ ಸೇರಿ ಭಾರ ಓಲಿದೆ, ಡಿಇ ಎಂದರೆ ಬಾಗಿಲು ಕೂತಿಲ್ಲ. ಇಷ್ಟನ್ನು ಮನೆಮಂದಿ ಬಾಯಿಪಾಠ ಮಾಡಿಕೊಂಡರು. ಯುಇ ಬಂದರೆ ಯಂತ್ರ ನಿಲ್ಲಿಸಿ, ಒಂಟಿ ಕಂಬಳಿಯ ಜತೆ ಎರಡು ಟವೆಲು ಸೇರಿಸಿ, ಕಾಲುಗಳ ಮಟ್ಟ ನೋಡಿ ಮತ್ತೆ ಬಿಡುವ ಜಾಣತನ ನಮ್ಮ ಮನೆಗಳ ಹೆಂಗಸರದ್ದು. ಸಿಎಲ್ ಎಂದು ಮೂಡಿದ್ದಕ್ಕೆ ಗಾಬರಿಬಿದ್ದು ಫೋನ್ ಮಾಡಿದವರು, ಅದು ಮಕ್ಕಳ ಕೈಗೆ ಸಿಗದಂತೆ ಗುಂಡಿಗಳಿಗೆ ಹಾಕಿದ ಬೀಗ ಮಾತ್ರ ಎಂದು ತಿಳಿದು ನಿರಾಳರಾದರು.

ಆದರೆ ಆ ಕಿಟಕಿ ಬಹಳ ಚಿಕ್ಕದು. ಒಂದೊಂದು ಅಕ್ಷರಕ್ಕೂ ಏಳೇ ಗೆರೆ. ಅವುಗಳನ್ನು ಹೊತ್ತಿಸಿ ಆರಿಸಿ ಬರೆಯಬಹುದಾದ ಇಂಗ್ಲಿಷ್ ಅಕ್ಷರಗಳು ಕೆಲವೇ. ಕೆ, ಎಂ, ಡಬ್ಲ್ಯು ಅದರಲ್ಲಿ ಸರಿಯಾಗಿ ಮೂಡುವುದಿಲ್ಲ. 5 ಎಂಬ ಅಂಕಿಗೂ ಎಸ್ ಎಂಬ ಅಕ್ಷರಕ್ಕೂ ಒಂದೇ ರೂಪ. ಸ್ಯಾಮ್‌ಸಂಗ್ ಯಂತ್ರದ 5ಇ ಎಂಬ ದೂರನ್ನು ಎಸ್‌ಇ ಎಂದು ಓದಿ ಫೋನಿನಲ್ಲಿ ಹೇಳಿದರೆ ಆ ಕಡೆಯವರಿಗೆ ಅದು ಹೊಸ ಕಾಯಿಲೆಯಾಗಿ ಕೇಳುತ್ತಿತ್ತು. ಮೇಲಾಗಿ ಒಂದೊಂದು ಕಂಪನಿಯದು ಒಂದೊಂದು ಲಿಪಿ. ನೀರು ಹೊರಹೋಗದಿದ್ದರೆ ಎಲ್‌ಜಿಯಲ್ಲಿ ಓಇ, ಸ್ಯಾಮ್‌ಸಂಗ್‌ನಲ್ಲಿ 5ಇ, ಬಾಷ್‌ನ ಹಲವು ಮಾದರಿಗಳಲ್ಲಿ ಇ18. ಅದೇ ಸ್ಯಾಮ್‌ಸಂಗ್ ಕೆಲ ವರ್ಷಗಳ ಬಳಿಕ 5ಇ ಬಿಟ್ಟು 5ಸಿ ಎಂದು ಬರೆಯತೊಡಗಿತು. ನೀರು ಎಲ್ಲ ಮನೆಯಲ್ಲೂ ಒಂದೇ, ಪಂಪು ಹೆಚ್ಚುಕಡಿಮೆ ಒಂದೇ, ಕಟ್ಟಿಕೊಳ್ಳುವ ಕಾರಣವೂ ಒಂದೇ: ರವಿಕೆಯ ಹುಕ್ಕು, ಪಿನ್ನು, ಎರಡು ರೂಪಾಯಿಯ ನಾಣ್ಯ. ದೂರಿನ ಭಾಷೆ ಮಾತ್ರ ಬೇರೆ ಬೇರೆ. ಮಿಕ್ಸಿ, ರೇಡಿಯೋ, ಪಂಪ್‌ಸೆಟ್ಟು ಎಲ್ಲವನ್ನೂ ಒಂದೇ ಚೀಲದಿಂದ ಸರಿಮಾಡುತ್ತಿದ್ದ ಊರ ಮೆಕ್ಯಾನಿಕ್‌ಗೆ ಇಲ್ಲಿಂದಲೇ ಕಷ್ಟ ಶುರುವಾಯಿತು.

ಇನ್ನೊಂದು ಸಂಗತಿಯನ್ನು ಯಾರೂ ನಮಗೆ ಬಿಡಿಸಿ ಹೇಳಲಿಲ್ಲ. ಯಂತ್ರಕ್ಕೆ ಯಾವ ಭಾಗ ಕೆಟ್ಟಿದೆಯೆಂದು ಕಾಣುವುದಿಲ್ಲ. ತಾನು ಕಾದದ್ದು ಆಗಲಿಲ್ಲ ಎಂಬುದಷ್ಟೇ ಅದಕ್ಕೆ ಗೊತ್ತು. ಬೋರ್ಡು ವಾಲ್ವಿಗೆ ವಿದ್ಯುತ್ ಕೊಟ್ಟು, ತೊಟ್ಟಿಯ ನೀರಿನ ಮಟ್ಟ ಅಳೆಯುವ ಸೆನ್ಸರಿನ ಸಂಕೇತ ಬದಲಾಗಲಿ ಎಂದು ಇಂತಿಷ್ಟು ನಿಮಿಷ ಕಾಯುತ್ತದೆ. ಬದಲಾಗದಿದ್ದರೆ ನೀರು ಬರಲಿಲ್ಲ ಎಂದು ಬರೆಯುತ್ತದೆ. ನಲ್ಲಿ ಮುಚ್ಚಿರಬಹುದು. ಕೊಳವೆಬಾವಿಯ ಮರಳು ವಾಲ್ವಿನ ಜಾಲರಿಯಲ್ಲಿ ತುಂಬಿರಬಹುದು. ಮೇಲ್ಮಹಡಿಯ ಮನೆಯಾಗಿದ್ದು, ಟ್ಯಾಂಕು ನೆತ್ತಿಯ ಮೇಲೆ ಒಂದೂವರೆ ಮೀಟರ್ ಎತ್ತರದಲ್ಲಷ್ಟೇ ಇರಬಹುದು. ಹತ್ತು ಮೀಟರ್ ಎತ್ತರದ ನೀರು ಕೊಡುವ ಒತ್ತಡ ಸುಮಾರು ಒಂದು ಬಾರ್. ಹಾಗಾಗಿ ಎತ್ತರ ಒಂದೂವರೆಯಾದರೆ ಎಷ್ಟೋ ವಾಲ್ವುಗಳಿಗೆ ಅದು ಸಾಲದು. ವಾಲ್ವಿನ ಸುರುಳಿ ಸುಟ್ಟಿರಬಹುದು. ಮೀಟರಿನಲ್ಲಿ ಅಳೆದರೆ ನಾಲ್ಕು ಕಿಲೋ ಓಮ್ ಆಸುಪಾಸು ತೋರಬೇಕಾದ್ದು ಏನೂ ತೋರುವುದಿಲ್ಲ. ಸೆನ್ಸರಿಗೆ ಹೋಗುವ ಸಣ್ಣ ರಬ್ಬರ್ ಕೊಳವೆ ಕಳಚಿರಬಹುದು. ಇವೆಲ್ಲದರಲ್ಲೂ ಜನರನ್ನು ಹೆಚ್ಚು ದಾರಿತಪ್ಪಿಸಿದ್ದು ಹೊರಹೋಗುವ ಪೈಪು. ಪಂಪ್ ಇರುವ ಯಂತ್ರದಲ್ಲಿ ಆ ಪೈಪನ್ನು ಕೈಪಿಡಿ ಹೇಳಿದ ಎತ್ತರಕ್ಕೆ ಕೊಂಡಿ ಹಾಕಿ ನಿಲ್ಲಿಸಬೇಕು. ನಮ್ಮ ಬಚ್ಚಲುಗಳಲ್ಲಿ ಅದನ್ನು ನೆಲದ ಜಾಲರಿಯ ಪಕ್ಕ ಮಲಗಿಸಿಬಿಡುತ್ತೇವೆ. ಆಗ ಬಂದ ನೀರು ಬಂದಂತೆಯೇ ತಾನಾಗಿ ಹರಿದುಹೋಗುತ್ತದೆ, ಮಟ್ಟ ಏರುವುದೇ ಇಲ್ಲ. ಕಿಟಕಿ ಒಳಬರುವ ನೀರನ್ನು ದೂರುತ್ತದೆ, ದೋಷವಿರುವುದು ಹೊರಹೋಗುವ ದಾರಿಯಲ್ಲಿ. ಎಷ್ಟು ಮನೆಗಳಲ್ಲಿ ಈ ಒಂದು ಕಾರಣಕ್ಕೆ ಒಳ್ಳೆಯ ವಾಲ್ವುಗಳು ಬದಲಾದವೋ ಲೆಕ್ಕವಿಟ್ಟವರಿಲ್ಲ. ವೈದ್ಯರು ಜ್ವರ ಎಷ್ಟಿದೆ ಎಂದು ನೋಡಿದ ಮೇಲೆ ನಾಡಿ ಹಿಡಿಯುತ್ತಾರೆ, ನಾಲಿಗೆ ನೋಡುತ್ತಾರೆ. ಇಲ್ಲಿ ಜ್ವರದ ಅಂಕಿ ಕಂಡ ಕೂಡಲೇ ಔಷಧದ ಚೀಟಿ ಬರೆಯುವ ರೂಢಿ ಬೆಳೆಯಿತು.

ವಿದ್ಯುತ್ತಿನ ದೋಷಗಳ ಕೋಡುಗಳಲ್ಲಂತೂ ಈ ರೂಢಿ ಇನ್ನಷ್ಟು ದುಬಾರಿಯಾಯಿತು. ಎಚ್‌ಇ ಎಂದು ಹೀಟರಿನ ದೂರು ಬಂದರೆ ಮೊದಲು ಮಾಡಬೇಕಾದ ಕೆಲಸ ಸರಳ. ಪ್ಲಗ್ ಕಿತ್ತು, ಹೀಟರಿನ ವೈರು ಬಿಡಿಸಿ, ಓಮ್ ಅಳೆಯುವುದು. ಎರಡು ಕಿಲೋವ್ಯಾಟ್ ಹೀಟರು 230 ವೋಲ್ಟಿಗೆ ಸುಮಾರು ಇಪ್ಪತ್ತಾರು ಓಮ್ ತೋರಬೇಕು, ಹೈಸ್ಕೂಲಿನ ಸೂತ್ರವೇ ಸಾಕು. ತೋರಿದರೆ ಹೀಟರಿನ ತಂತಿ ತುಂಡಾಗಿಲ್ಲ, ವೈರು, ಕನೆಕ್ಟರು, ಬೋರ್ಡಿನ ರಿಲೇ ನೋಡಬೇಕು. ಟಿಇ ಎಂದು ತಾಪದ ಸೆನ್ಸರಿನ ದೂರು ಬಂದರೆ ಅದನ್ನು ಬಿಚ್ಚಿ ಒಂದು ಲೋಟ ಬಿಸಿನೀರಿನಲ್ಲಿ ಅದ್ದಿ ನೋಡಬಹುದು. ಬಿಸಿಯಾದಂತೆ ಓಮ್ ಇಳಿಯುತ್ತ ಹೋದರೆ ಅದಿನ್ನೂ ಬದುಕಿದೆ. ಮೋಟರಿನ ದೂರಾದರೆ ಹಳೆಯ ಮುಂಬಾಗಿಲ ಯಂತ್ರಗಳಲ್ಲಿ ಕಾರ್ಬನ್ ಬ್ರಷ್ಷು ಸವೆದಿರುವುದೇ ಹೆಚ್ಚು. ಅದು ಸರಿಯಿದ್ದರೆ ಮೋಟರಿನ ಹಿಂಬದಿಯ ಟ್ಯಾಕೋ ಸುರುಳಿ ನೋಡಬೇಕು. ವೇಗದ ಸುದ್ದಿ ಕೊಡುವ ಆ ಪುಟ್ಟ ಸುರುಳಿ ಸುಮ್ಮನಾದರೆ ಬೋರ್ಡು ಹೆದರಿ ಮೋಟರನ್ನೇ ನಿಲ್ಲಿಸುತ್ತದೆ. ಬೆಲ್ಟಿಲ್ಲದ ಹೊಸ ಮೋಟರುಗಳಲ್ಲಿ ಆ ಕೆಲಸ ಹಾಲ್ ಸೆನ್ಸರಿನದು. ಅಲ್ಲಿ ಮೂರು ಸುರುಳಿಗಳ ಓಮ್ ಒಂದಕ್ಕೊಂದು ಸಮನಾಗಿದೆಯೇ ಎಂದು ಅಳೆದರೆ ಮೋಟರಿನ ಸುರುಳಿ ಸರಿಯೋ ಇಲ್ಲವೋ ಬಹುಮಟ್ಟಿಗೆ ಗೊತ್ತಾಗುತ್ತದೆ. ಡ್ರಮ್ ತುಂಬ ತುರುಕಿದ್ದಕ್ಕೇ ಎಲ್‌ಇ ಬಂದು, ಪ್ಲಗ್ ಕಿತ್ತು ಅರ್ಧ ಗಂಟೆ ಬಿಟ್ಟರೆ ತಾನಾಗಿ ಹೋಗುವುದೂ ಉಂಟು. ನೀರು ಉಕ್ಕಿ ಎಫ್‌ಇ ಬಂದಾಗಿನ ಪರೀಕ್ಷೆ ಎಲ್ಲಕ್ಕಿಂತ ಚೆಂದದ್ದು. ಪ್ಲಗ್ ಕಿತ್ತ ಮೇಲೂ ನೀರು ಬರುತ್ತಲೇ ಇದ್ದರೆ ವಾಲ್ವಿನಲ್ಲಿ ಕಸ ಸಿಕ್ಕಿದೆ, ನಿಂತರೆ ಬೋರ್ಡು ವಾಲ್ವನ್ನು ಬಿಡುತ್ತಿಲ್ಲ. ಯಾವ ಉಪಕರಣವೂ ಬೇಡದ ಪರೀಕ್ಷೆ ಅದು. ಇಂಥ ಹತ್ತು ಪರೀಕ್ಷೆ ಗೊತ್ತಿದ್ದರೆ ಹೆಚ್ಚಿನ ದೂರುಗಳ ಮೂಲ ಸಿಗುತ್ತದೆ. ಮನೆಗೆ ಬರುವ ಕೈಪಿಡಿಯ ಕೋಷ್ಟಕ ಮಾತ್ರ ಇವುಗಳ ಮುಂದೆ ಒಂದೇ ಸಾಲು ಬರೆದು ಕೈತೊಳೆದುಕೊಂಡಿತು: ಸೇವಾ ಕೇಂದ್ರವನ್ನು ಸಂಪರ್ಕಿಸಿ.

ಸಂಪರ್ಕಿಸಿದವರಿಗೆ ಸಿಕ್ಕ ಉತ್ತರ ಕಳೆದ ಹದಿನೈದು ವರ್ಷಗಳಲ್ಲಿ ಊರೂರಿಗೆ ಪರಿಚಿತವಾದ ಮಾತು: ಬೋರ್ಡ್ ಹೋಗಿದೆ. ಕೆಲವೊಮ್ಮೆ ನಿಜವಾಗಿಯೇ ಹೋಗಿರುತ್ತದೆ. ಬೆಚ್ಚಗಿನ ಜಾಗ ಹುಡುಕಿ ಒಳಹೊಕ್ಕ ಜಿರಳೆ, ಹಲ್ಲಿ ಬೋರ್ಡಿನ ಮೇಲೆ ಸತ್ತು ಸುಟ್ಟಿರುತ್ತವೆ. ಇಲಿ ವೈರು ಕಡಿದಿರುತ್ತದೆ. ಬಚ್ಚಲ ತೇವಕ್ಕೆ ಕನೆಕ್ಟರು ಹಸಿರುಗಟ್ಟಿರುತ್ತದೆ. ಆದರೆ ಕಡಿದ ವೈರನ್ನು ಬೆಸೆದರೆ, ಹಸಿರುಗಟ್ಟಿದ ಪಿನ್ನನ್ನು ಉಜ್ಜಿದರೆ, ಸುಟ್ಟ ರಿಲೇಯನ್ನೋ ಟ್ರಯಾಕನ್ನೋ ಬದಲಿಸಿದರೆ ಆಗುತ್ತಿದ್ದ ಕೆಲಸಕ್ಕೆ ಇಡೀ ಬೋರ್ಡು ಬದಲಿಸುವುದೇ ಪದ್ಧತಿಯಾಯಿತು. ಬೋರ್ಡನ್ನು ತೇವದಿಂದ ಕಾಯಲೆಂದು ಅದರ ಮೇಲೆ ರಾಳ ಹುಯ್ದು ಮುಚ್ಚುವ ಕ್ರಮ ಬಂತು. ಅದು ಕಾಯಿತು, ನಿಜ, ಜತೆಗೆ ಬೆಸುಗೆ ಕಡ್ಡಿಗೆ ಎಟುಕದಂತೆಯೂ ಮಾಡಿತು. ಮೋಟರಿಗೆ ಹತ್ತು ವರ್ಷ ವಾರಂಟಿ ಎಂದು ದೊಡ್ಡ ಅಕ್ಷರದಲ್ಲಿ ಬರೆದವರು, ಬೋರ್ಡಿಗೆ ಎರಡೇ ವರ್ಷ ಎಂಬುದನ್ನು ಸಣ್ಣ ಅಕ್ಷರಕ್ಕೆ ಬಿಟ್ಟರು. ಮೋಟರು ಹತ್ತು ವರ್ಷ ಬಾಳಿದರೂ ಅದನ್ನು ನಡೆಸುವ ಬೋರ್ಡು ಏಳನೆಯ ವರ್ಷಕ್ಕೆ ಸಿಗದೆ ಯಂತ್ರ ಗುಜರಿ ಸೇರಿದ ಕತೆ ನಮ್ಮ ಓದುಗರಲ್ಲಿ ಅನೇಕರದ್ದು. ಬ್ರ್ಯಾಂಡುಗಳೇ ಕಣ್ಮರೆಯಾದಾಗ ಪಾಡು ಇನ್ನೂ ಕಠಿಣ. ತೊಂಬತ್ತರ ದಶಕದಲ್ಲಿ ಮನೆಮಾತಾಗಿದ್ದ ಹೆಸರುಗಳು ಒಂದೊಂದಾಗಿ ಸರಿದವು. ವಿಡಿಯೋಕಾನ್ 2018ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಹೆಸರು ಹೋದ ಮೇಲೆ ಆ ಯಂತ್ರಗಳ ಕೋಡುಗಳ ಅರ್ಥ ಉಳಿದದ್ದು ಹಳೆಯ ಮೆಕ್ಯಾನಿಕ್‌ಗಳ ನೆನಪಿನಲ್ಲಿ ಮಾತ್ರ.

ದೋಷವೆಲ್ಲ ಯಂತ್ರದ್ದೇ ಎಂದರೆ ನ್ಯಾಯವಾಗದು. ನಮ್ಮ ಮನೆಗಳ ವಿದ್ಯುತ್ತಿನ ಸ್ಥಿತಿಗೂ ಈ ಲೆಕ್ಕದಲ್ಲಿ ಪಾಲಿದೆ. ಕೆಇಬಿ ಕಾಲದ ಲೋಡ್ ಶೆಡ್ಡಿಂಗ್ ದಿನಗಳಲ್ಲಿ ಟಬ್ ತುಂಬ ನೊರೆಯ ನೀರು, ಒಳಗೆ ಸಿಕ್ಕಿಬಿದ್ದ ಬಟ್ಟೆ, ಬೀಗ ಬಿದ್ದ ಬಾಗಿಲು, ಕರೆಂಟಿಗಾಗಿ ಕಾಯುವ ಮನೆ ಇವು ನಿತ್ಯದ ದೃಶ್ಯ. ಬಾಗಿಲು ತೆರೆಯಲಿಲ್ಲವೆಂದು ಹಿಡಿ ಜಗ್ಗಿ ಮುರಿದವರು, ಆ ಬೀಗದೊಳಗಿನ ಲೋಹದ ಪಟ್ಟಿ ತಣಿಯಲು ಒಂದೆರಡು ನಿಮಿಷ ಬೇಕೆಂದು ತಿಳಿದದ್ದು ತಡವಾಗಿ. 2002ರಲ್ಲಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂಗಳಾಗಿ ವಿತರಣೆ ಹಂಚಿಹೋದ ಮೇಲೆ ನಗರಗಳಲ್ಲಿ ಪೂರೈಕೆ ಸುಧಾರಿಸಿತು. ಯಂತ್ರಗಳೂ ಕರೆಂಟು ಹೋದ ಜಾಗವನ್ನು ನೆನಪಿಟ್ಟುಕೊಂಡು ಮುಂದುವರಿಸಲು ಕಲಿತವು, ಕೆಲವು ಪಿಎಫ್ ಎಂದು ಬರೆದು ಅಪ್ಪಣೆಗೆ ಕಾದವು. ಆದರೆ ಅರ್ಥಿಂಗ್ ವಿಷಯದಲ್ಲಿ ನಾವು ಇಂದಿಗೂ ಉದಾಸೀನರು. ಯಂತ್ರದ ಒಳಗೆ ವಿದ್ಯುತ್ತಿನ ಗದ್ದಲ ಸೋಸುವ ಫಿಲ್ಟರಿನಲ್ಲಿ ಫೇಸಿನಿಂದ ಅರ್ಥಿಗೊಂದು, ನ್ಯೂಟ್ರಲ್‌ನಿಂದ ಅರ್ಥಿಗೊಂದು ಕಿರು ಕೆಪಾಸಿಟರು ಇರುತ್ತವೆ. ಮನೆಗೆ ಅರ್ಥ್ ಇಲ್ಲವಾದರೆ ಯಂತ್ರದ ಮೈ ಮೇಲೆ ಸುಮಾರು ಅರ್ಧ ವೋಲ್ಟೇಜು ತೇಲುತ್ತದೆ. ಒದ್ದೆ ಕಾಲಲ್ಲಿ ನಿಂತು ಮುಟ್ಟಿದರೆ ಝುಮ್ಮೆನ್ನುತ್ತದೆ. ಪ್ರವಾಹ ಅತ್ಯಲ್ಪ, ಹಾಗೆಂದು ಅದನ್ನು ಸಹಿಸಿಕೊಂಡು ಹೋದ ಮನೆಗಳಲ್ಲಿ, ಮುಂದೆ ನಿಜವಾದ ಸೋರಿಕೆ ಬಂದ ದಿನ ಕಾಯುವವರು ಯಾರೂ ಇರಲಿಲ್ಲ. ಇದಕ್ಕೆ ಕಿಟಕಿಯಲ್ಲಿ ಯಾವ ಅಕ್ಷರವೂ ಮೂಡುವುದಿಲ್ಲ. ಒಗೆತ ಶುರುವಾಗಿ ನೀರು ಕಾದ ಮೇಲೆ ಮನೆಯ ಆರ್‌ಸಿಸಿಬಿ ಬಿದ್ದುಹೋದರೆ ಅದೂ ಒಂದು ಕೋಡೇ, ಹೀಟರಿನ ಕವಚ ಬಿರಿದಿದೆ ಎನ್ನುವ ಕೋಡು. ಅದನ್ನು ಓದಲು ಬಾರದೆ ಆರ್‌ಸಿಸಿಬಿಯನ್ನೇ ತೆಗೆಸಿಹಾಕಿದವರನ್ನು ನಾವು ಬಲ್ಲೆವು. ಅದು ಎಂದೂ ಮಾಡಬಾರದ ಕೆಲಸ. ಮೂವತ್ತು ಮಿಲಿಆಂಪಿಯರ್ ಸೋರಿದೊಡನೆ ಬೀಳುವ ಆ ಸ್ವಿಚ್ಚು ಇರುವುದೇ ಜೀವ ಉಳಿಸಲು.

ಲಾಭದ ಪುಟವೂ ದೊಡ್ಡದೇ ಇದೆ. ಡ್ರಮ್ಮು ತಿರುಗುವಾಗ ಬಾಗಿಲು ತೆರೆಯುವುದಿಲ್ಲ. ನೀರಿಲ್ಲದೆ ಹೀಟರು ಹೊತ್ತುವುದಿಲ್ಲ. ಮೋಟರು ಹಿಡಿದುಕೊಂಡರೆ ಸುಡುವವರೆಗೆ ಗುಂಯ್‌ಗುಟ್ಟದೆ ಸುಮ್ಮನಾಗುತ್ತದೆ. ಹಳೆಯ ಎರಡು ತೊಟ್ಟಿಯ ಯಂತ್ರದಲ್ಲಿ ಮುಚ್ಚಳದ ಸ್ವಿಚ್ಚು, ಬ್ರೇಕು ಬಿಟ್ಟರೆ ಇಂಥ ಕಾವಲು ಇರಲಿಲ್ಲ. ಕೋಡು ಎಂಬುದು ಮೂಲತಃ ಯಂತ್ರ ತನಗೂ ನಮಗೂ ಕೇಡಾಗುವ ಮುನ್ನ ನಿಲ್ಲುವ ಶಿಸ್ತು, ಅಕ್ಷರ ಅದರ ನೆರಳು. ಆ ಶಿಸ್ತಿನಿಂದ ಉಳಿದ ಮೋಟರುಗಳೆಷ್ಟೋ, ಉಳಿದ ಬೆರಳುಗಳೆಷ್ಟೋ. ಯಂತ್ರವನ್ನು ಬಿಟ್ಟು ಕೆಲಸಕ್ಕೆ ಹೋಗಿ ಬರಬಹುದೆಂಬ ಧೈರ್ಯ ಹೆಂಗಸರ ದಿನಚರಿಯನ್ನು ಹೇಗೆ ಬದಲಿಸಿತು ಎಂಬುದನ್ನು ಬರೆಯಲು ಬೇರೆಯೇ ಲೇಖನ ಬೇಕು. ಅದರ ಬೆಲೆಯನ್ನು ರಿಪೇರಿಯ ಬಿಲ್ಲಿನೊಡನೆ ತೂಗಲಾಗದು. ಒಂದು ಕೊರತೆಯನ್ನು ಮಾತ್ರ ಇಲ್ಲೇ ಹೇಳಬೇಕು. ಯಂತ್ರದ ಮುಂದೆ ನಿಂತು ಆ ಅಕ್ಷರಗಳನ್ನು ದಿನವೂ ಓದುವವರು ಮನೆಯೊಡತಿಯರು, ಮನೆಗೆಲಸಕ್ಕೆ ಬರುವ ಹೆಂಗಸರು. ಕೈಪಿಡಿ ಬಹುಪಾಲು ಇಂಗ್ಲಿಷಿನಲ್ಲಿ, ಕೋಡುಗಳ ವಿವರ ಅದರ ಕೊನೆಗೆ. ಯಂತ್ರ ಯಾರೊಡನೆ ಮಾತಾಡಬೇಕಿತ್ತೋ ಅವರನ್ನು ಬಿಟ್ಟು ದೂರದ ಕಾಲ್ ಸೆಂಟರಿನೊಡನೆ ಮಾತಾಡುವ ದಿಕ್ಕಿಗೆ ಹೊರಳಿತು.

ಈ ಹೊರಳು ಇತ್ತೀಚಿನ ವರ್ಷಗಳಲ್ಲಿ ಅಕ್ಷರಶಃ ನಡೆದಿದೆ. ಎಲ್‌ಜಿಯ ಕೆಲವು ಯಂತ್ರಗಳ ಬಳಿ ಫೋನ್ ಹಿಡಿದು ಗುಂಡಿ ಒತ್ತಿದರೆ ಯಂತ್ರ ಕಿಚಕಿಚ ಸದ್ದು ಮಾಡುತ್ತದೆ. ಆ ಸದ್ದಿನಲ್ಲಿ ಅಡಗಿದ ದೋಷದ ವಿವರವನ್ನು ಆ ತುದಿಯ ಕಂಪ್ಯೂಟರು ಓದಿಕೊಳ್ಳುತ್ತದೆ. ಈಗ ವೈಫೈ ಮೂಲಕ ಅದು ಸದ್ದಿಲ್ಲದೆಯೇ ಆಗುತ್ತದೆ. ಎರಡಕ್ಷರದಲ್ಲಿ ಹಿಡಿಸದ ಸಂಗತಿಗಳೆಲ್ಲ, ಎಷ್ಟು ಸಲ ದೋಷ ಬಂತು, ನೀರು ತುಂಬಲು ಎಷ್ಟು ಹೊತ್ತು ಹಿಡಿಯಿತು, ಮೋಟರು ಎಷ್ಟು ತಿಣುಕಿತು ಎಂಬುದೆಲ್ಲ ಯಂತ್ರಕ್ಕೆ ಈಗ ದಾಖಲಿಸಲು ಬರುತ್ತದೆ. ತಂತ್ರಜ್ಞಾನ ಆ ಮಟ್ಟಿಗೆ ತನ್ನ ಮಾತು ಉಳಿಸಿಕೊಂಡಿದೆ. ಆದರೆ ಆ ದಾಖಲೆ ಮನೆಯವರಿಗಾಗಲಿ ಊರಿನ ಮೆಕ್ಯಾನಿಕ್‌ಗಾಗಲಿ ಪೂರ್ತಿಯಾಗಿ ಸಿಗುವುದಿಲ್ಲ. ಊರಿನವನು ಎಸ್.ಪಿ. ರೋಡಿನ ಗೆಳೆಯನಿಂದ, ಮೊಬೈಲಿನ ವಿಡಿಯೋಗಳಿಂದ, ಕೆಟ್ಟ ಬೋರ್ಡುಗಳನ್ನು ತಾನೇ ಬಿಚ್ಚಿ ಬಿಚ್ಚಿ ಅಷ್ಟಿಷ್ಟು ಕಲಿತಿದ್ದಾನೆ. ಹಾಗೆ ಕಲಿತವರ ಬಗ್ಗೆ ನಮಗೆ ಅಪಾರ ಗೌರವವಿದೆ. ಸಣ್ಣ ಊರುಗಳಲ್ಲಿ ಇಂದು ಬೋರ್ಡ್ ರಿಪೇರಿ ಉಳಿದಿದ್ದರೆ ಅದು ಅವರ ಹಟದಿಂದ. ಅವರ ಬಳಿ ಇಲ್ಲದಿರುವುದು ಕಂಪನಿಯ ಸರ್ವಿಸ್ ಮ್ಯಾನುಯಲ್. ಯಾವ ಕೋಡು ಯಾವ ಸಂಕೇತ ನೋಡಿ ಬರುತ್ತದೆ, ಯಾವ ಪಿನ್ನಿನಲ್ಲಿ ಎಷ್ಟು ವೋಲ್ಟ್ ಇರಬೇಕು, ಯಾವ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಪರೀಕ್ಷಾ ಕ್ರಮ ತೆರೆಯುತ್ತದೆ ಎಂಬ ವಿವರಗಳಿರುವ ಪುಸ್ತಕ ಅದು.

ಯುರೋಪಿನ ಒಕ್ಕೂಟ ಈ ಪುಸ್ತಕವನ್ನು ಕಾನೂನಿನ ಮೂಲಕ ತೆರೆಸಿದೆ. 2021ರ ಮಾರ್ಚ್ 1ರಿಂದ ಅಲ್ಲಿ ಜಾರಿಯಲ್ಲಿರುವ ನಿಯಮದಂತೆ ವಾಷಿಂಗ್ ಮೆಷಿನ್ನಿನ ಮೋಟರು, ಕಾರ್ಬನ್ ಬ್ರಷ್ಷು, ಪಂಪು, ಹೀಟರು, ಬೋರ್ಡುಗಳು ಮಾದರಿಯ ಕೊನೆಯ ಯಂತ್ರ ಮಾರುಕಟ್ಟೆಗೆ ಬಂದ ಮೇಲೂ ಹತ್ತು ವರ್ಷ ವೃತ್ತಿಪರ ರಿಪೇರಿಗಾರರಿಗೆ ಸಿಗಬೇಕು. ಅದರ ಜತೆಗೆ ವೈರಿಂಗ್ ನಕ್ಷೆ, ಅಳತೆಯಲ್ಲಿ ಬರಬೇಕಾದ ಕನಿಷ್ಠ ಗರಿಷ್ಠ ಮೌಲ್ಯಗಳು, ದೋಷದ ಕೋಡುಗಳ ವಿವರ ಕೂಡ ಅವರಿಗೆ ಸಿಗಬೇಕೆಂದು ನಿಯಮ ಹೆಸರಿಸಿಯೇ ಹೇಳುತ್ತದೆ. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿಗಾಗಿ ಸಮಿತಿ ರಚಿಸಿತು. ಅದೇ ವರ್ಷದ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದು, ಅದಕ್ಕೊಂದು ಪೋರ್ಟಲ್ ತೆರೆಯಿತು. ಕೃಷಿ ಯಂತ್ರ, ಮೊಬೈಲು, ವಾಹನಗಳ ಜತೆ ಮನೆಬಳಕೆಯ ಯಂತ್ರಗಳನ್ನೂ ಅದರಲ್ಲಿ ಸೇರಿಸಿತು. ಸ್ವಾಗತಾರ್ಹ ಹೆಜ್ಜೆ, ಅನುಮಾನವಿಲ್ಲ. ಆದರೆ ಪೋರ್ಟಲ್ಲಿನಲ್ಲಿ ಕಂಪನಿಗಳು ತಾವಾಗಿ ಇಟ್ಟಷ್ಟೇ ಮಾಹಿತಿ. ಗ್ರಾಹಕರ ಕೈಪಿಡಿ, ವಾರಂಟಿಯ ನಿಯಮ, ಸೇವಾ ಕೇಂದ್ರದ ವಿಳಾಸ ಸಿಕ್ಕರೆ ಅದರಿಂದ ಧಾರವಾಡದ ಅಥವಾ ಶಿವಮೊಗ್ಗದ ಮೆಕ್ಯಾನಿಕ್‌ಗೆ ಎಚ್‌ಇ ಬಿಡಿಸುವ ದಾರಿ ತೆರೆಯುವುದಿಲ್ಲ. 2023ರ ಏಪ್ರಿಲ್‌ನಿಂದ ಜಾರಿಯಾದ ಇ-ತ್ಯಾಜ್ಯ ನಿಯಮಗಳು ಕೆಟ್ಟ ಯಂತ್ರದ ಹೊಣೆಯನ್ನು ತಯಾರಕರ ಮೇಲೆ ಹೊರಿಸುತ್ತವೆ. ಅದು ಯಂತ್ರ ಗುಜರಿಯಾದ ಮೇಲಿನ ಮಾತು, ಗುಜರಿಯಾಗದಂತೆ ತಡೆಯುವ ಮಾತಲ್ಲ.

ಹಾಗಾಗಿ ಈ ಸಿಂಹಾವಲೋಕನದಲ್ಲಿ ಬಾಕಿಯೆಂದು ನಾವು ಬರೆದಿಡುವುದು ದೊಡ್ಡ ಬೇಡಿಕೆಯನ್ನೇನೂ ಅಲ್ಲ. ಪ್ರತಿ ಯಂತ್ರದ ಬೆನ್ನಿನ ಮುಚ್ಚಳದ ಒಳಬದಿಗೆ ವೈರಿಂಗ್ ನಕ್ಷೆ ತಪ್ಪದೆ ಬರಲಿ, ಅದರ ಪಕ್ಕದಲ್ಲಿ ಹೀಟರಿನ, ವಾಲ್ವಿನ, ಪಂಪಿನ, ಮೋಟರಿನ, ತಾಪ ಸೆನ್ಸರಿನ ಓಮ್ ಬೆಲೆಗಳಿರಲಿ. ಪ್ರತಿ ಕೋಡಿನ ಮುಂದೆ, ಬೋರ್ಡು ಏನನ್ನು ಎಷ್ಟು ಹೊತ್ತು ಕಾದು ಆ ಅಕ್ಷರ ಬರೆಯುತ್ತದೆ ಎಂಬ ಒಂದು ಸಾಲು ಇರಲಿ. ರಾಜ್ಯದಲ್ಲಿ ಮಾರುವ ಯಂತ್ರಕ್ಕೆ ಅದು ಕನ್ನಡದಲ್ಲೂ ಇರಲಿ. ಬೋರ್ಡು ಕನಿಷ್ಠ ಹತ್ತು ವರ್ಷ ಊರಿನ ಅಂಗಡಿಯಲ್ಲಿ ದುಡ್ಡು ಕೊಟ್ಟವರಿಗೆಲ್ಲ ಸಿಗಲಿ. ಐಟಿಐಗಳ ಎಲೆಕ್ಟ್ರಿಷಿಯನ್ ತರಗತಿಗೆ ಪ್ರತಿ ವರ್ಷ ಒಂದೊಂದು ಕೆಟ್ಟ ಯಂತ್ರವನ್ನು ಅದರ ಸರ್ವಿಸ್ ಮ್ಯಾನುಯಲ್ ಸಮೇತ ಕಂಪನಿಗಳು ಕೊಡಲಿ. ಈ ಮಾಹಿತಿಯನ್ನು ಯಾರೂ ಹೊಸದಾಗಿ ಬರೆಯಬೇಕಾಗಿಲ್ಲ. ತಮ್ಮದೇ ತಂತ್ರಜ್ಞರಿಗಾಗಿ ಕಂಪನಿಗಳು ಅದನ್ನು ಮೊದಲೇ ಬರೆದಿಟ್ಟುಕೊಂಡಿವೆ. ಯುರೋಪಿನಲ್ಲಿ ಮಾರುವ ಕಂಪನಿಗಳ ಮೇಲೆ ಅಲ್ಲಿನ ರಿಪೇರಿಗಾರರಿಗೆ ಅದನ್ನು ಕೊಡಬೇಕಾದ ಹೊಣೆಯೂ ಇದೆ. ಅವೇ ಕಂಪನಿಗಳಲ್ಲಿ ಹಲವು ನಮ್ಮ ಊರುಗಳಲ್ಲೂ ಯಂತ್ರ ಮಾರುತ್ತಿವೆ.